ಪೆಟ್ರೋಲ್ ಟ್ಯಾಂಕ್ ಸೋರುತ್ತಿದೆ: ಎಂ-ಸೀಲ್ ಸಾಕಾ, ವೆಲ್ಡಿಂಗ್ ಬೇಕಾ?

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 100 ಸಿಸಿ ಬೈಕ್ ಇದೆ, 15 ವರ್ಷ ಹಳೆಯದು. ಟ್ಯಾಂಕಿನ ಎಡಗಡೆ ಕೆಳಭಾಗದಲ್ಲಿ ಪೆಟ್ರೋಲ್ ಜಿನುಗುತ್ತಿದೆ. ಒಬ್ಬ ಮೆಕ್ಯಾನಿಕ್ ಎಂ-ಸೀಲ್ ಹಚ್ಚಿ ಕೊಟ್ಟರು, ಸ್ವಲ್ಪ ದಿನಕ್ಕೆ ಮತ್ತೆ ಸೋರಿತು. ಇನ್ನೊಬ್ಬರು ಗ್ಯಾಸ್ ವೆಲ್ಡಿಂಗ್ ಮಾಡಿಸಿ ಅಂತಾರೆ. ಮನೆಯಲ್ಲಿ ಹೊಸ ಟ್ಯಾಂಕ್ ಹಾಕಿಸು ಅಂತಿದ್ದಾರೆ. ಯಾವುದು ಮಾಡಿಸಲಿ?

ಉತ್ತರ: ಯಾವುದು ಮಾಡಿಸಬೇಕು ಅನ್ನೋದು ಟ್ಯಾಂಕಿನ ಒಳಗೆ ಏನಿದೆ ಅನ್ನೋದರ ಮೇಲೆ ಹೋಗುತ್ತದೆ. ಹೊರಗಿನ ತೂತು ಎಷ್ಟು ದೊಡ್ಡದು ಅನ್ನೋದು ಅಷ್ಟು ಮುಖ್ಯವಲ್ಲ. ಎಡಗಡೆ ಕೆಳಮೂಲೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿದಾಗಲೇ ಇದು ತುಕ್ಕಿನ ಕೆಲಸ ಅನ್ನಿಸಿತು. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಅದಕ್ಕೂ ಮೊದಲು ಒಂದು ಕೆಲಸ. ಬೈಕನ್ನು ಇವತ್ತೇ ಮನೆಯಿಂದ ಹೊರಗೆ ನಿಲ್ಲಿಸಿ. ಸ್ಟಾರ್ಟ್ ಮಾಡಬೇಡಿ, ತಳ್ಳಿಕೊಂಡೇ ಹೋಗಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗಿ ಕರಗಿಬಿಡುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ನಮ್ಮ ಕಡೆ ಬೈಕ್ ನಿಲ್ಲಿಸುವುದು ಎಲ್ಲಿ ಹೇಳಿ? ಮೆಟ್ಟಿಲ ಕೆಳಗೆ, ಮೀಟರ್ ಬೋರ್ಡ್ ಪಕ್ಕ, ಇಲ್ಲವೇ ನೀರಿನ ಮೋಟರ್ ಸ್ವಿಚ್ ಇರುವ ಜಾಗದಲ್ಲಿ. ಪಕ್ಕದಲ್ಲೇ ಗ್ಯಾಸ್ ಗೀಸರ್ ಇರುವ ಬಚ್ಚಲುಮನೆ. ಸೋರುವ ಟ್ಯಾಂಕಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬಯಲಲ್ಲಿ ನಿಲ್ಲಿಸಿ, ಬ್ಯಾಟರಿ ವೈರ್ ತೆಗೆದು, ಕಾಕ್‌ನ (ಟ್ಯಾಂಕಿನ ಅಡಿಯಲ್ಲಿ ಪೆಟ್ರೋಲ್ ಬಿಡುವ, ನಿಲ್ಲಿಸುವ ನಲ್ಲಿ) ಪೈಪಿನಿಂದ ಪೆಟ್ರೋಲನ್ನು ಮುಚ್ಚಳ ಇರುವ ಲೋಹದ ಕ್ಯಾನಿಗೆ ಇಳಿಸಿ. ಪೂರ್ತಿ ಇಳಿಸುವ ಮೊದಲು ಸೋರಿಕೆ ಎಲ್ಲಿಂದ ಅಂತ ನೋಡಿಬಿಡಿ. ಖಾಲಿಯಾದ ಮೇಲೆ ಕಾಣುವುದಿಲ್ಲ.

ಹನಿ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು. ಪೆಟ್ರೋಲ್ ತಗಡಿನ ಅಡಿಗೆ ಅಂಟಿಕೊಂಡು ಹರಿದು, ಎಲ್ಲಿ ತಗ್ಗು ಸಿಗುತ್ತದೋ ಅಲ್ಲಿ ತೊಟ್ಟಿಕ್ಕುತ್ತದೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ, ಆರಿದ ಮೇಲೆ ಆ ಭಾಗಕ್ಕೆಲ್ಲ ಟಾಲ್ಕಂ ಪೌಡರ್ ಅಥವಾ ಚಾಕ್‌ಪೀಸ್ ಪುಡಿ ಉದುರಿಸಿ. ಐದು ನಿಮಿಷ ಕಾದರೆ ಪುಡಿಯಲ್ಲಿ ಒಂದು ಒದ್ದೆ ಚುಕ್ಕೆ ಮೂಡುತ್ತದೆ, ಆಮೇಲೆ ಅದರಿಂದ ಗೆರೆ ಎಳೆದ ಹಾಗೆ ಕೆಳಗಿಳಿಯುತ್ತದೆ. ಗೆರೆ ಶುರುವಾಗುವ ತುದಿಯೇ ತೂತು.

ಎಷ್ಟೋ ಸಲ ಟ್ಯಾಂಕಿನ ತಪ್ಪೇ ಇರುವುದಿಲ್ಲ. ಕಾಕ್ ಆಫ್ ಮಾಡಿದಾಗ ಸೋರಿಕೆ ನಿಂತರೆ ತೊಂದರೆ ಅದರ ಕೆಳಗಿದೆ ಅಂತ ಅರ್ಥ. ಪೈಪ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಕಾರ್ಬೊರೇಟರಿಗೆ ಬೇಕಾದಷ್ಟೇ ಪೆಟ್ರೋಲ್ ಬಿಡುವ ಫ್ಲೋಟ್ ಸೂಜಿ ಸವೆದು ಓವರ್‌ಫ್ಲೋ ಆಗುತ್ತಿರಬಹುದು. ಕಾಕ್ ಟ್ಯಾಂಕಿಗೆ ಕೂರುವ ಜಾಗದಲ್ಲೇ ಒದ್ದೆ ಇದ್ದರೆ ಅದರ ಓ-ರಿಂಗ್ ಅಥವಾ ವಾಷರ್ ಗಟ್ಟಿಯಾಗಿದೆ. ಅದು ಚಿಲ್ಲರೆ ಕಾಸಿನ ಕೆಲಸ. ಫುಲ್ ಟ್ಯಾಂಕ್ ಮಾಡಿಸಿ ಬಿಸಿಲಲ್ಲಿ ನಿಲ್ಲಿಸಿದಾಗ ಮಾತ್ರ ಸೋರುತ್ತದೆಯಾ? ಹಾಗಿದ್ದರೆ ಪೆಟ್ರೋಲ್ ಕಾದು ಹಿಗ್ಗಿ ಮುಚ್ಚಳದಿಂದ ಹೊರಬರುತ್ತಿದೆ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 190 ಮಿ.ಲೀ. ಹಿಗ್ಗುತ್ತದೆ, ಹತ್ತಿರ ಹತ್ತಿರ ಒಂದು ಲೋಟ. ಕುತ್ತಿಗೆವರೆಗೆ ತುಂಬಿಸುವ ಅಭ್ಯಾಸ ಬಿಟ್ಟರೆ ಸರಿಹೋಗುತ್ತದೆ.

ಇನ್ನೊಂದು ಜಾಗ ಇದೆ. ಇದನ್ನು ಮೆಕ್ಯಾನಿಕ್‌ಗಳೇ ಕೆಲವೊಮ್ಮೆ ಮರೆಯುತ್ತಾರೆ. ಈಗಿನ ಬಹಳ ಬೈಕುಗಳಲ್ಲಿ ಮುಚ್ಚಳದ ಸುತ್ತ ನಿಂತ ಮಳೆನೀರು ಇಳಿದುಹೋಗಲು ಒಂದು ಸಣ್ಣ ತೂತಿರುತ್ತದೆ. ಆ ತೂತಿನಿಂದ ಒಂದು ಕೊಳವೆ ಟ್ಯಾಂಕಿನ ಒಳಗಿಂದಲೇ ಹಾದು ಅಡಿಯಲ್ಲಿ ಹೊರಬರುತ್ತದೆ. ಈ ಕೊಳವೆ ಒಳಗೆ ತುಕ್ಕು ಹಿಡಿದು ತೂತಾದರೆ ಪೆಟ್ರೋಲ್ ಕೊಳವೆಯೊಳಗೆ ನುಗ್ಗಿ ಕೆಳಗೆ ತೊಟ್ಟಿಕ್ಕುತ್ತದೆ. ಹೊರಗಿನಿಂದ ಟ್ಯಾಂಕ್ ಎಷ್ಟು ನೋಡಿದರೂ ಒಂದು ಗೀರೂ ಇರುವುದಿಲ್ಲ. ಅಡಿಯ ರಬ್ಬರ್ ಪೈಪ್ ತೆಗೆದು ಕೊಳವೆ ಬಾಯಿಗೆ ಬೆರಳಿಟ್ಟು ನೋಡಿ. ಬೆರಳು ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ, ಹೊರಗೆ ಎಂ-ಸೀಲ್ ಹಚ್ಚಿ ಏನೂ ಪ್ರಯೋಜನವಿಲ್ಲ.

ಈಗ ನಿಮ್ಮ ಎಡಮೂಲೆಗೆ ಬರೋಣ. ಸೈಡ್ ಸ್ಟ್ಯಾಂಡ್ ಹಾಕಿದಾಗ ಬೈಕ್ ಎಡಕ್ಕೆ ವಾಲುತ್ತದೆ. ಟ್ಯಾಂಕಿಗೆ ಸೇರಿದ ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಅದೇ ಮೂಲೆ ಸೇರುತ್ತದೆ. ಕಾಕ್‌ನ ಬಾಯಿ ತಳದಿಂದ ತುಸು ಮೇಲಿರುವುದರಿಂದ ಅದರ ಕೆಳಗಿನ ನೀರು ಎಂದೂ ಹೊರಗೆ ಹೋಗುವುದಿಲ್ಲ. ವರ್ಷಗಟ್ಟಲೆ ಅಲ್ಲೇ ಕೂತು ತಗಡನ್ನು ಒಳಗಿನಿಂದ ತಿನ್ನುತ್ತದೆ. ಟ್ಯಾಂಕಿನ ತಗಡೇ 1 ಮಿ.ಮೀ. ಆಸುಪಾಸು. ಹೊರಗೆ ಬಣ್ಣ ಗುಳ್ಳೆ ಎದ್ದಿದ್ದು ಕಂಡರೆ ಒಳಗೆ ಕೆಲಸ ಮುಗಿದಿದೆ ಅಂತಲೇ ಲೆಕ್ಕ.

ನೀರು ಎಲ್ಲಿಂದ ಬಂತು? ವಾಟರ್ ಸರ್ವಿಸ್ ಮಾಡುವಾಗ ಪ್ರೆಷರ್ ಗನ್ ನೇರ ಮುಚ್ಚಳಕ್ಕೆ ಹಿಡಿಯುತ್ತಾರಲ್ಲ, ಅಲ್ಲಿಂದ. ಮುಚ್ಚಳದ ರಬ್ಬರ್ ಹೋದ ಬೈಕ್ ಮಳೆಯಲ್ಲಿ ನಿಂತರೆ ಅಲ್ಲಿಂದ. ಅರ್ಧ ಖಾಲಿ ಟ್ಯಾಂಕಿನ ಒಳಗಿನ ತೇವದ ಗಾಳಿ ರಾತ್ರಿ ತಣ್ಣಗಾಗಿ ಹನಿಗಟ್ಟುವುದೂ ಉಂಟು. ಮಲೆನಾಡು, ಕರಾವಳಿ ಕಡೆ ಇದು ಜಾಸ್ತಿ. ಎಥೆನಾಲ್ ಬಗ್ಗೆಯೂ ಹೇಳಬೇಕು. ಶೇ 20 ಎಥೆನಾಲ್ ಸೇರಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಟ್ಟದವರೆಗೆ ನೀರು ಪೆಟ್ರೋಲಿನಲ್ಲೇ ಕರಗಿ ಉರಿದುಹೋಗುತ್ತದೆ. ಅದು ಮೀರಿದರೆ ನೀರೂ ಎಥೆನಾಲೂ ಒಟ್ಟಿಗೆ ಬೇರ್ಪಟ್ಟು ತಳದಲ್ಲಿ ಕೂರುತ್ತವೆ. ದಿನಾ ಓಡುವ ಬೈಕಿಗೆ ಇದರಿಂದ ದೊಡ್ಡ ತೊಂದರೆ ಇಲ್ಲ. ತಿಂಗಳುಗಟ್ಟಲೆ ನಿಂತ ಬೈಕಿಗೆ ಇದೆ. ಆದರೆ ಎಲ್ಲ ತುಕ್ಕನ್ನೂ ಎಥೆನಾಲ್ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಎಥೆನಾಲ್ ಬರುವ ಮೊದಲೂ ಟ್ಯಾಂಕುಗಳು ಇದೇ ಮೂಲೆಯಲ್ಲೇ ತೂತಾಗುತ್ತಿದ್ದವು.

ಎಂ-ಸೀಲ್ ಯಾಕೆ ನಿಲ್ಲಲಿಲ್ಲ ಅಂದರೆ, ಬಹುಶಃ ಬಣ್ಣದ ಮೇಲೆ ಹಚ್ಚಿದ್ದಾರೆ. ಅಂಟು ಬಣ್ಣ ಹಿಡಿದಿರುತ್ತದೆ, ಬಣ್ಣ ತಗಡು ಬಿಟ್ಟಿರುತ್ತದೆ. ಅಥವಾ ಜಿನುಗುತ್ತಿರುವಾಗಲೇ ಒತ್ತಿದ್ದಾರೆ. ಸರಿಯಾಗಿ ಮಾಡಬೇಕಾದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತೂತಿನ ಸುತ್ತ ಎರಡು ಬೆರಳಗಲ ಬಣ್ಣ ಕೆರೆದು, ಎಮರಿ ಪೇಪರಿನಲ್ಲಿ ತಗಡು ಹೊಳೆಯುವ ತನಕ ಉಜ್ಜಿ, ಥಿನ್ನರ್ ಬಟ್ಟೆಯಿಂದ ಜಿಡ್ಡು ತೆಗೆದು ಹಚ್ಚಬೇಕು. ಆಮೇಲೆ ಒಂದು ಇಡೀ ದಿನ ಮುಟ್ಟಬಾರದು. ಹೀಗೆ ಮಾಡಿದರೆ ಹೊಸ ಟ್ಯಾಂಕ್ ಸಿಗುವ ತನಕ ಕಾಲ ತಳ್ಳಬಹುದು. ಸಿಲಿಕಾನ್ ಪೇಸ್ಟ್ ಮಾತ್ರ ಬೇಡ, ಅದು ಪೆಟ್ರೋಲ್ ಕುಡಿದು ಊದಿಕೊಂಡು ಕಿತ್ತುಬರುತ್ತದೆ. ದಾರಿಯಲ್ಲಿ ಸೋರಲು ಶುರುವಾದರೆ ಹಳೇ ಮೆಕ್ಯಾನಿಕ್‌ಗಳು ಸ್ನಾನದ ಸೋಪನ್ನು ತೂತಿಗೆ ಒತ್ತಿ ತಿಕ್ಕುತ್ತಾರೆ. ನಗಬೇಡಿ, ಅದು ಕೆಲಸ ಮಾಡುತ್ತದೆ. ಸೋಪು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಪೆಟ್ರೋಲ್ ಇಳಿಸಿಕೊಳ್ಳುವ ತನಕ ಹನಿ ನಿಲ್ಲಿಸಲು ಅಷ್ಟು ಸಾಕು.

ವೆಲ್ಡಿಂಗ್ ವಿಷಯಕ್ಕೆ ಬಂದರೆ ಸ್ವಲ್ಪ ಜಾಸ್ತಿಯೇ ಹೇಳಬೇಕಾಗುತ್ತದೆ. "ಟ್ಯಾಂಕ್ ಖಾಲಿ ಮಾಡಿದ್ದೀನಿ ಸಾರ್, ಏನೂ ಆಗಲ್ಲ" ಅನ್ನೋ ಮಾತೇ ಅಪಾಯದ್ದು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇ 1.4ರಿಂದ ಶೇ 7.6ರ ಒಳಗಿದ್ದಾಗ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿನೊಳಗೆ ಆವಿ ಇದಕ್ಕಿಂತ ದಟ್ಟವಾಗಿರುತ್ತದೆ. ಖಾಲಿ ಮಾಡಿ ಮುಚ್ಚಳ ತೆಗೆದಿಟ್ಟಾಗ ಗಾಳಿ ಬೆರೆತು ಸರಿಯಾಗಿ ಈ ಅಳತೆಗೆ ಬರುತ್ತದೆ. ಎಷ್ಟು ಪೆಟ್ರೋಲ್ ಬೇಕು ಅಂತ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 10 ಲೀಟರ್ ಟ್ಯಾಂಕಿಗೆ 1 ಮಿ.ಲೀ. ಆವಿಯಾದರೆ ಸಾಕು. ಅಷ್ಟು ಪೆಟ್ರೋಲ್ ತುಕ್ಕಿನ ಪದರದಲ್ಲಿ, ತಗಡುಗಳು ಕೂಡುವ ಸಂದಿಯಲ್ಲಿ ಸುಲಭವಾಗಿ ಅಡಗಿರುತ್ತದೆ. ತಣ್ಣಗಿದ್ದಾಗ ವಾಸನೆಯೂ ಬರುವುದಿಲ್ಲ. ಗ್ಯಾಸ್ ಬೆಂಕಿ ತಾಗಿ ತಗಡು ಕಾದಾಗ ಹೊರಬರುತ್ತದೆ. ಟ್ಯಾಂಕ್ ಸಿಡಿದು ಮುಖ, ಕೈ ಸುಟ್ಟುಕೊಂಡವರ ಕಥೆ ಪ್ರತಿ ಊರಿನ ಗ್ಯಾರೇಜ್ ಬೀದಿಯಲ್ಲೂ ಸಿಗುತ್ತದೆ.

ಹಾಗಂತ ಮಾಡಿಸಲೇಬಾರದು ಅಂತಲ್ಲ. ಕೆಲಸ ಗೊತ್ತಿರುವವರು ಮೊದಲು ಮುಚ್ಚಳ, ಕಾಕ್, ಪೆಟ್ರೋಲ್ ಮೀಟರಿನ ಫ್ಲೋಟ್ ಎಲ್ಲ ಬಿಚ್ಚುತ್ತಾರೆ. ಬಿಸಿನೀರು, ಸೋಪಿನ ಪುಡಿ ಹಾಕಿ ಕುಲುಕಿ ಚೆಲ್ಲುತ್ತಾರೆ, ಮತ್ತೆ ಮತ್ತೆ. ಆಮೇಲೆ ತೂತು ಮೇಲೆ ಬರುವ ಹಾಗೆ ಟ್ಯಾಂಕ್ ತಿರುಗಿಸಿಟ್ಟು, ಉಳಿದ ಬಾಯಿಗಳನ್ನು ಬಿಗಿಮಾಡಿ, ತೂತಿನ ಸ್ವಲ್ಪ ಕೆಳಗಿನ ತನಕ ನೀರು ತುಂಬಿಸುತ್ತಾರೆ. ಆವಿ ನಿಲ್ಲಲು ಜಾಗವೇ ಇರಬಾರದು. ಗಾಳಿ ಹೊರಹೋಗಲು ಒಂದು ಸಣ್ಣ ದಾರಿ ಮಾತ್ರ ಬಿಟ್ಟಿರುತ್ತಾರೆ. ಟಿಗ್ ವೆಲ್ಡಿಂಗ್ (ಗ್ಯಾಸ್ ಬೆಂಕಿ ಬದಲು ಕರೆಂಟಿನ ಕಿಡಿಯಲ್ಲಿ ಮಾಡುವುದು) ಮಾಡುವ ಕಡೆ ಹೊತ್ತಿಕೊಳ್ಳದ ಆರ್ಗಾನ್ ಗ್ಯಾಸ್ ಬಿಟ್ಟು ಒಳಗಿನ ಗಾಳಿಯನ್ನೇ ಹೊರಗೆ ಹಾಕುತ್ತಾರೆ. ನೀವು ಹೋದಲ್ಲಿ ಇದ್ಯಾವುದೂ ಕಾಣದೆ, ಬರೀ ಬಿಸಿಲಿಗೆ ಒಣಗಿಸಿ ಬೆಂಕಿ ಹಿಡಿಯಲು ಹೊರಟರೆ ಟ್ಯಾಂಕ್ ಎತ್ತಿಕೊಂಡು ವಾಪಸ್ ಬನ್ನಿ. ಮನೆಯಲ್ಲಿ ನೀವೇ ಪ್ರಯತ್ನಿಸುವ ಮಾತಂತೂ ಬೇಡ.

ಸೂಜಿಮೊನೆಯಷ್ಟು ತೂತಿಗೆ ವೆಲ್ಡಿಂಗ್‌ಗಿಂತ ಹಿತ್ತಾಳೆ ಕಡ್ಡಿ ಕರಗಿಸಿ ತೂತು ಮುಚ್ಚುವ ಬ್ರೇಜಿಂಗ್ ಒಳ್ಳೆಯದು. ತೆಳು ತಗಡು ಅಷ್ಟು ಬೇಗ ಕರಗಿಹೋಗುವುದಿಲ್ಲ. ಇನ್ನೂ ಕಮ್ಮಿ ಬಿಸಿಯಲ್ಲಿ ಆಗುವುದು ಸೀಸದ ಬೆಸುಗೆ. ಈಗ ಅದನ್ನು ಮಾಡುವವರು ಕಡಿಮೆ, ಸಿಕ್ಕರೆ ಬಿಡಬೇಡಿ. ಟ್ಯಾಂಕನ್ನು ಬೈಕಿಗೆ ಬಿಗಿಯುವ ಹಿಂದಿನ ಬೋಲ್ಟಿನ ಪಟ್ಟಿ ಕೂರುವ ಜಾಗದಲ್ಲಿ ನಡುಕಕ್ಕೆ ಬಿಟ್ಟ ಬಿರುಕಾದರೆ ಸೀಸದ ಬೆಸುಗೆ ತಡೆಯದು, ಬ್ರೇಜಿಂಗ್ ಅಥವಾ ವೆಲ್ಡಿಂಗೇ ಆಗಬೇಕು.

ಇಷ್ಟಕ್ಕೂ ತೂತು ಮುಚ್ಚುವ ಮೊದಲು ಒಳಗಿನ ತುಕ್ಕು ತೆಗೆಯಬೇಕು. ಈ ಕ್ರಮ ತಪ್ಪಿದರೆ ಒಂದು ಮುಚ್ಚಿದ ಪಕ್ಕದಲ್ಲೇ ಎರಡು ಹುಟ್ಟುತ್ತವೆ. ಸೋಪಿನ ನೀರಲ್ಲಿ ತೊಳೆದ ಟ್ಯಾಂಕಿಗೆ ಒಂದು ಹಿಡಿ ನಟ್ಟುಗಳನ್ನು ಹಾಕಿ ಚೆನ್ನಾಗಿ ಕುಲುಕಿ, ದಪ್ಪ ತುಕ್ಕು ಉದುರುತ್ತದೆ. ಹಾಕುವಾಗ ನಟ್ಟುಗಳನ್ನು ಎಣಿಸಿಕೊಳ್ಳಿ, ತೆಗೆಯುವಾಗ ಲೆಕ್ಕ ಸಿಗಬೇಕು. ಆಮೇಲೆ ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿದರೆ ಕೊಡುತ್ತಾರೆ. ಲೀಟರ್ ಬಿಸಿನೀರಿಗೆ 50ರಿಂದ 100 ಗ್ರಾಂ ಕರಗಿಸಿ ಬಾಯಿತನಕ ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚೆಲ್ಲಿದರೆ ಹಸಿರು ಮಿಶ್ರಿತ ಕಂದು ನೀರು ಬರುತ್ತದೆ, ಒಳಗೆ ಟಾರ್ಚ್ ಬಿಟ್ಟರೆ ಬೂದು ಬಣ್ಣದ ತಗಡು ಕಾಣುತ್ತದೆ. ಅಡುಗೆ ಸೋಡಾ ನೀರಲ್ಲಿ ಒಮ್ಮೆ, ಸಾದಾ ನೀರಲ್ಲಿ ಒಮ್ಮೆ ತೊಳೆದು ಕೂಡಲೇ ಒಣಗಿಸಿ. ತಡ ಮಾಡಿದರೆ ಕಣ್ಣೆದುರೇ ಕೆಂಪು ಪುಡಿ ಕಟ್ಟುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕುವವರಿದ್ದಾರೆ. ಬೇಗ ಆಗುತ್ತದೆ ನಿಜ, ಆದರೆ ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ.

ತೊಳೆದ ಮೇಲೆ ಇನ್ನೂ ನಾಲ್ಕು ಕಡೆ ಬೆಳಕಿನ ಚುಕ್ಕೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಆ ತೂತುಗಳು ಮೊದಲೇ ಇದ್ದವು, ತುಕ್ಕು ಅವನ್ನು ಮುಚ್ಚಿಟ್ಟಿತ್ತು. ಆ ಜಾಗದ ಸುತ್ತ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ನೋಡಿ. ತಗಡು ಒಳಗೆ ಹೋಗಿ ಬಂದರೆ ಅಲ್ಲಿ ವೆಲ್ಡಿಂಗ್ ನಿಲ್ಲುವಷ್ಟು ಕಬ್ಬಿಣವೇ ಉಳಿದಿಲ್ಲ. ಹಾಗೆಯೇ, ಸೋರಿಕೆ ಪರೀಕ್ಷೆಗೆ ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಿಡಿಸಬೇಡಿ, ತೆಳು ತಗಡು ಉಬ್ಬಿಕೊಳ್ಳುತ್ತದೆ. ಬಾಯಿಗಳನ್ನು ಮುಚ್ಚಿ ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ನೋಡಿದರೆ ಸಾಕು.

ಟ್ಯಾಂಕಿನ ಒಳಗೆ ಸುರಿದು ತಿರುಗಿಸಿದರೆ ಒಳಗೋಡೆಗೆ ಗಟ್ಟಿ ಅಂಟಿನ ಪದರ ಕೂರಿಸುವ ಎಪಾಕ್ಸಿ ಲೈನಿಂಗ್ ಕಿಟ್ ಸಿಗುತ್ತವೆ. ಸ್ವಚ್ಛ ಮಾಡಿದ ತಗಡಿನ ಮೇಲೆ ಹಾಕಿದರೆ ಚೆನ್ನಾಗಿ ಬಾಳುತ್ತದೆ. ತುಕ್ಕಿನ ಮೇಲೆ ಸುರಿದರೆ ಸಿಪ್ಪೆ ಸಿಪ್ಪೆಯಾಗಿ ಎದ್ದು ಕಾಕ್ ಕಟ್ಟಿಹಾಕುತ್ತದೆ. ಕೊಳ್ಳುವಾಗ ಎಥೆನಾಲ್ ಪೆಟ್ರೋಲ್ ತಡೆಯುತ್ತದೆಯಾ ಅಂತ ಡಬ್ಬಿಯ ಮೇಲೆ ಓದಿ.

ಈಗ ನಿಮ್ಮ ಬೈಕಿಗೆ ನನ್ನ ಸಲಹೆ. ಮನೆಯವರ ಮಾತು ಕೇಳಿ, ಟ್ಯಾಂಕ್ ಬದಲಾಯಿಸಿ. 100 ಸಿಸಿ ಬೈಕಿನ ಟ್ಯಾಂಕ್ ಸುಲಭವಾಗಿ ಸಿಗುವ ಮಾಲು. ತೊಳೆಯುವುದು, ಬ್ರೇಜಿಂಗ್, ಲೈನಿಂಗ್, ಮತ್ತೆ ಪೇಂಟಿಂಗ್ ಎಲ್ಲ ಕೂಡಿಸಿದರೆ ಖರ್ಚು ಅಲ್ಲಿಗೇ ಹೋಗಿ ನಿಲ್ಲುತ್ತದೆ. ಮೈಸೂರಿನ ಕಾರ್ಖಾನೆಯಿಂದ ಬಂದ ಹಳೇ ಯೆಜ್ಡಿ ಬೈಕಿನದೋ, 1996ಕ್ಕೆ ನಿಂತುಹೋದ ಯಮಹಾ ಆರ್‌ಎಕ್ಸ್ 100ರ ಮೂಲ ಟ್ಯಾಂಕೋ ಆಗಿದ್ದರೆ ಬೇರೆ ಮಾತು. ಅವುಗಳಿಗೆ ಎಷ್ಟು ಕಷ್ಟಪಟ್ಟರೂ ತಕ್ಕದ್ದು. ಯೆಜ್ಡಿಯಲ್ಲಿ ಆಯಿಲ್ ಪೆಟ್ರೋಲಿಗೇ ಬೆರೆಸುತ್ತಿದ್ದರಿಂದ ಒಳಗೆ ಜಿಡ್ಡಿನ ಪದರ ಇರುತ್ತದೆ. ಅದನ್ನು ಸೋಪಿನಲ್ಲಿ ಪೂರ್ತಿ ತೆಗೆಯದೆ ನಿಂಬೆ ಉಪ್ಪು ಹಾಕಿದರೆ ತುಕ್ಕಿಗೆ ತಾಗುವುದೇ ಇಲ್ಲ.

ಅಪ್ಪನ ಬೈಕ್, ಅದೇ ಟ್ಯಾಂಕ್ ಇರಲಿ ಅಂತ ಮನಸ್ಸಿದ್ದರೆ ಮಾಡಿಸಿ, ಬೇಡ ಅನ್ನಲ್ಲ. ಆದರೆ ಹೆಬ್ಬೆರಳಿನ ಪರೀಕ್ಷೆ ಪಾಸಾದರೆ ಮಾತ್ರ. ಬೆಂಗಳೂರಿನ ಶಿವಾಜಿನಗರದಂಥ ಗುಜರಿಯಲ್ಲಿ ಹಳೇ ಟ್ಯಾಂಕ್ ಹುಡುಕುವುದಾದರೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಎಡಗಡೆ ಕೆಳಮೂಲೆ ನೋಡದೆ ದುಡ್ಡು ಕೊಡಬೇಡಿ. ಮೇಲಿನ ಹೊಸ ಪೇಂಟ್ ನೋಡಿ ಮರುಳಾಗುವುದೂ ಬೇಡ. ಬೇರೆ ಬಣ್ಣದ್ದು ತಂದರೆ ಆರ್‌ಸಿಯಲ್ಲಿರುವ ಬಣ್ಣಕ್ಕೆ ಹೊಂದುವ ಹಾಗೆ ಪೇಂಟ್ ಮಾಡಿಸಿಕೊಳ್ಳಿ. ಹಳೇ ಕಾಕ್ ತೊಳೆದು, ಹೊಸ ಓ-ರಿಂಗ್ ಹಾಕಿ, ಕಾರ್ಬೊರೇಟರಿಗೆ ಹೋಗುವ ಪೈಪಿನಲ್ಲಿ ಒಂದು ಸಣ್ಣ ಫಿಲ್ಟರ್ ಕೂರಿಸಿ. ಮೊದಲು ಒಂದೆರಡು ಲೀಟರ್ ಮಾತ್ರ ಹಾಕಿ, ಅಡಿಗೆ ಪೇಪರ್ ಹಾಸಿ ಒಂದು ರಾತ್ರಿ ಬಯಲಲ್ಲೇ ನಿಲ್ಲಿಸಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಬಂಕಿಗೆ ಹೋಗಿ.