ಹಳೇ ಗಾರೆಗೆ ಗುಟ್ಟೇನೂ ಇಲ್ಲ, ಪುರುಸೊತ್ತು ಬೇಕು ಅಷ್ಟೇ

ಪ್ರಶ್ನೆ: ಕೊಡಗಿನಲ್ಲಿರುವ ನಮ್ಮ ಐನ್‌ಮನೆ, ಅಂದರೆ ಮನೆತನದ ಮೂಲ ಮನೆಯ, ಗೋಡೆ ಬುಡದಲ್ಲಿ ಉದುರುತ್ತಿದೆ. ಹಳೇ ಸುಣ್ಣದ ಗಾರೆಯ ಗುಟ್ಟು ಹಳಬರ ಜೊತೆಗೇ ಹೋಯಿತು ಅಂತಾರೆ. ಸಿಮೆಂಟ್ ಬಿಟ್ಟು ಬೇರೆ ದಾರಿ ಇದೆಯಾ? ಈ ಕೆಲಸ ಈಗ ಯಾರಾದರೂ ಕಲಿಸುತ್ತಾರಾ?

ಸುಗ್ಗಿ ಹಬ್ಬ ಪುತ್ತರಿಗೆ ಒಕ್ಕದವರೆಲ್ಲ, ಅಂದರೆ ಮನೆತನದವರೆಲ್ಲ, ಸೇರಿ, ಮನೆಗೆ ಮರಳಿದ ಮೇಲೆ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಗೋಡೆಯನ್ನು ಎಲ್ಲರೂ ಸರಿಯಾಗಿ ನೋಡುವುದು ಆಗಲೇ ತಾನೇ. ದಾರಿ ಇದೆ, ಕಲಿಸುವವರೂ ಇದ್ದಾರೆ. ಆದರೆ ಆ ಗುಟ್ಟಿನ ಮಾತನ್ನು ಮೊದಲು ಆಚೆ ಹಾಕೋಣ. ಎಷ್ಟು ಸಲ ಹೇಳಿದರೂ ಅದು ತಿರುಗಿ ಬರುತ್ತಲೇ ಇರುತ್ತದೆ.

ಕಥೆ ನಿಮಗೂ ಗೊತ್ತು. ಬೆಲ್ಲ, ಕೋಳಿಮೊಟ್ಟೆ, ಅಳಲೆಕಾಯಿ ಹಾಕಿ ಅರೆದರಂತೆ. ಅಳತೆ ಒಬ್ಬ ಮೇಸ್ತ್ರಿಗೆ ಮಾತ್ರ ಗೊತ್ತಿತ್ತಂತೆ. ಅವರು ಸ್ವಂತ ಮಗನಿಗೂ ಹೇಳದೆ ಹೋದರಂತೆ. ಮಡಿಕೇರಿಯ 1820ರ ಓಂಕಾರೇಶ್ವರ ದೇವಸ್ಥಾನ ಇನ್ನೂ ನಿಂತಿದೆಯಲ್ಲ, ಅದೇ ಸಾಕ್ಷಿಯಂತೆ.

ಗಾರೆ ಗಟ್ಟಿಯಾಗುವುದು ಸುಣ್ಣದಿಂದ. ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಸುಟ್ಟದ್ದನ್ನು ನೀರಿಗೆ ಹಾಕಿದರೆ ಭುಸುಗುಟ್ಟಿ ಕುದಿದು ಅರಳುತ್ತದೆ. ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಡೈಆಕ್ಸೈಡ್ ಹೀರಿಕೊಂಡು, ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಇದರಲ್ಲಿ ಕೋಳಿಗೆ ಏನು ಕೆಲಸ? ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಬೆಲ್ಲ ಹಾಕಿದರೆ ಗಾರೆ ಬೇಗ ಬಿಗಿಯುವುದಿಲ್ಲ, ಕರಣೆಗೆ ಸಲೀಸಾಗಿ ಸಿಗುತ್ತದೆ. ಮೊಟ್ಟೆಯ ಪ್ರೋಟೀನು ಸಣ್ಣ ಗಾಳಿಗುಳ್ಳೆಗಳನ್ನು ಹಿಡಿದಿಟ್ಟು ನೀರನ್ನು ಒಂದಿಷ್ಟು ತಡೆಯುತ್ತದೆ. ಆದರೆ ಸುಣ್ಣ ಸರಿಯಾಗಿ ಅರಳದಿದ್ದರೆ, ಮರಳಲ್ಲಿ ಮಣ್ಣಿದ್ದರೆ, ಬುಟ್ಟಿಗಟ್ಟಲೆ ಮೊಟ್ಟೆ ಒಡೆದರೂ ಗಾರೆ ಉದುರುತ್ತದೆ. ಮೊಟ್ಟೆ ದಂಡ.

ಅಳತೆ ಬೇಕಾ? ಸರ್ಕಾರವೇ ಅಚ್ಚು ಹಾಕಿಸಿದೆ. ಕಟ್ಟಡದ ಸುಣ್ಣಕ್ಕೆ ಐಎಸ್ 712, ಗಾರೆ ಕಲಸಲು ಐಎಸ್ 1625, ಸುಣ್ಣದ ಪ್ಲಾಸ್ಟರಿಗೆ ಐಎಸ್ 2394. ಸಿಮೆಂಟು, ಕಬ್ಬಿಣಕ್ಕೆ ಇದೆಯಲ್ಲ, ಅದೇ ಭಾರತೀಯ ಮಾನಕ. ಸುಣ್ಣದಲ್ಲಿ ಎ ಯಿಂದ ಎಫ್ ತನಕ ಆರು ವರ್ಗ ಇವೆ ಅಂತಲೂ ಅಲ್ಲಿದೆ. ನೀರಲ್ಲೇ ಬಿಗಿಯುವುದು ಯಾವುದು, ಮೇಲ್ಪದರಕ್ಕೆ ಬಳಿಯುವ ಸಣ್ಣ ಸುಣ್ಣ ಯಾವುದು, ಎಲ್ಲ ಇದೆ. ಗುಟ್ಟು ಅನ್ನುವವರು ಒಂದು ಸಲ ತೆರೆದು ಓದಲಿ.

ಪುಸ್ತಕದಲ್ಲಿ ಸಿಗದ್ದು ಕೈಗೆ ಹತ್ತುವ ಅಂದಾಜು. ಮರಳನ್ನು ಅಂಗೈಯಲ್ಲಿ ಉಜ್ಜಿ ಕೊಡವಿ. ಕೈ ಕೆಂಪಾಗಿ ಉಳಿದರೆ ಅದು ತೊಳೆಯದ ಮರಳು. ಸುಣ್ಣ ಅರಳಿಸುವಾಗ ನೀರಿಗೆ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿದರೆ ಮುಖಕ್ಕೇ ಸಿಡಿಯುತ್ತದೆ. ಕನ್ನಡಕ ಹಾಕದೆ ಹತ್ತಿರ ಹೋಗಲೇಬೇಡಿ. ಅರಳಿದ್ದನ್ನು ಮುಚ್ಚಿ, ಮೇಲೆ ನೀರು ನಿಲ್ಲಿಸಿ, ವಾರಗಟ್ಟಲೆ ಬಿಡಬೇಕು. ಕರಣೆಯಲ್ಲಿ ತೆಗೆದರೆ ಬೆಣ್ಣೆಯ ಹಾಗೆ ಬರಬೇಕು. ಬಳಿಯುವುದು ತೆಳುವಾಗಿ, ಒಂದು ಪದರ ಬಿಗಿದ ಮೇಲೆ ಇನ್ನೊಂದು. ಆಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ದಿನಾ ತೇವ ಕಾಯಬೇಕು. ಇಷ್ಟಕ್ಕೆ ಯಾರಿಗೂ ಪುರುಸೊತ್ತಿಲ್ಲ. ಗುಟ್ಟು ಕಳೆದುಹೋಯಿತು ಅಂದುಬಿಟ್ಟರೆ ಸುಲಭ, ಅಲ್ವಾ?

ಇನ್ನೊಂದು ವಿಷಯ ಕೇಳಿದರೆ ಕೆಲವರಿಗೆ ಬೇಜಾರಾಗುತ್ತದೆ. ನಿಮ್ಮ ಗೋಡೆಯಲ್ಲಿ ಗಾರೆಯೇ ಇಲ್ಲದಿರಬಹುದು. ಎಷ್ಟೋ ಐನ್‌ಮನೆಗಳದ್ದು ಮಣ್ಣಿನ ಗೋಡೆ, ಮೇಲೆ ಸುಣ್ಣ ಅಷ್ಟೇ. ನಮ್ಮ ಮಳೆಗೆ ಅದು ಇಷ್ಟು ವರ್ಷ ತಡೆದದ್ದು ಮುಂದೆ ಚಾಚಿದ ಮಾಡಿನಿಂದ, ಎತ್ತರದ ಜಗಲಿಯಿಂದ. ಬುಡ ಉದುರುತ್ತಿದೆ ಅಂದರೆ ಮೊದಲು ಹೆಂಚು ನೋಡಿ. ಆಮೇಲೆ ಅಂಗಳದ ಮಣ್ಣೋ ಇತ್ತೀಚೆಗೆ ಹಾಕಿಸಿದ ಕಾಂಕ್ರೀಟೋ ಗೋಡೆಯ ಮಟ್ಟಕ್ಕೆ ಏರಿದೆಯಾ ನೋಡಿ. ಅಂಥ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರಲಾರದೆ ಮೇಲೇರುತ್ತದೆ, ತೊಲೆಯ ತುದಿ ಕುಂಬಾಗುತ್ತದೆ. ಬೆರಳಲ್ಲಿ ಬಡಿದು ನೋಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರು ಗೋಡೆ ಬಿಟ್ಟಿದೆ ಅಂತ ಅರ್ಥ.

ಇನ್ನು ಕಲಿಸುವವರ ವಿಷಯ. ಗೋಡೆ ಚಿತ್ರ, ಮರ, ಲೋಹದ ರಾಸಾಯನಿಕ ಸಂರಕ್ಷಣೆಗೆ ಲಖನೌದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಪ್ರಯೋಗಾಲಯ ಇದೆ. ಅದರ ಪ್ರಾದೇಶಿಕ ಪ್ರಯೋಗಾಲಯ ನಮ್ಮ ಮೈಸೂರಲ್ಲೇ ಇದೆ. ಕೊಡಗಿನ ನಾಲ್ಕುನಾಡು ಅರಮನೆಯ ಗೋಡೆ ಚಿತ್ರದಂಥದ್ದು ಇಂಥವರು ಮುಟ್ಟುವ ಕೆಲಸ, ಪೇಂಟರ್ ಮುಟ್ಟುವಂಥದ್ದಲ್ಲ. ಕಟ್ಟಡ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಓದಲು ದೆಹಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಆ್ಯಂಡ್ ಆರ್ಕಿಟೆಕ್ಚರ್ ಇದೆ. ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ 1984ರಿಂದ ಇದೆ, ದೇಶದ ತುಂಬ ಅದರ ಶಾಖೆಗಳಿವೆ. ಇಡೀ ಜಗತ್ತಿನ ಸಂರಕ್ಷಕರಿಗೆ ತರಬೇತಿ ಕೊಡುವ ರೋಮ್‌ನ ಇಕ್ರಾಮ್ ಬೇಕು ಅಂತ ಯುನೆಸ್ಕೋ ತೀರ್ಮಾನಿಸಿದ್ದು ಎಲ್ಲಿ ಗೊತ್ತಾ? 1956ರಲ್ಲಿ, ನಮ್ಮ ದೆಹಲಿಯ ಸಭೆಯಲ್ಲೇ. ಇಷ್ಟೆಲ್ಲ ಇದ್ದರೂ ಕರಣೆ ಹಿಡಿಯುವವನು ಕಲಿಯುವುದು ಕೆಲಸದ ಜಾಗದಲ್ಲೇ. ಅದಕ್ಕೇ ಗೋಡೆ ಕೆಲಸ ಕೊಡುವಾಗ ಮೇಸ್ತ್ರಿಯ ಜೊತೆ ಇಬ್ಬರು ಹುಡುಗರ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ ಅನ್ನುತ್ತೇನೆ. ಸಿಮೆಂಟ್ ಹೊರಲು ಹುಡುಗರನ್ನು ಇಡುತ್ತೀರಿ, ಸುಣ್ಣ ಕಲಿಯಲು ಯಾಕಿಲ್ಲ?

ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಬಿಚ್ಚುವ ಮೊದಲು ಬರೆದಿಡಿ. ಮಾಡು ಇಳಿಸುವಾಗ ಪಕಾಸಿ, ತೊಲೆ, ಐಮರದ (ಜಗಲಿ ಕಂಬಗಳ ನಡುವಿನ ಕೂರುವ ಮರ) ಹಲಗೆ, ಒಂದೊಂದಕ್ಕೂ ನಂಬರ್ ಹಾಕಿ, ಅದೇ ನಂಬರನ್ನು ನಕ್ಷೆಯಲ್ಲೂ ಗುರುತು ಮಾಡಿ. ಸೀಮೆಸುಣ್ಣದಲ್ಲಿ ಬರೆದರೆ ಮೊದಲ ಮಳೆಗೇ ಹೋಗುತ್ತದೆ, ತಗಡಿನ ಚೀಟಿ ಕಟ್ಟಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಅಳತೆ ಟೇಪ್ ಇರಲಿ. ಗೋಡೆಗೆ ಏನು ಕಲಸಿದಿರಿ, ಸುಣ್ಣ ಎಲ್ಲಿಯದು, ಎಷ್ಟು ಪಾಲು ಮರಳು, ಯಾವ ತಿಂಗಳು ಬಳಿದಿರಿ, ಒಂದು ನೋಟ್‌ಬುಕ್ಕಲ್ಲಿ ಇರಲಿ. ಒಂದು ಪ್ರತಿ ಒಕ್ಕದ ಹಿರಿಯರಾದ ಪಟ್ಟೆದಾರರ ಹತ್ತಿರ, ಇನ್ನೊಂದು ಮೇಸ್ತ್ರಿ ಹತ್ತಿರ. ಫೋನಲ್ಲಿ ಇದೆ ಅಂತ ಸುಮ್ನೆ ಕೂರಬೇಡಿ, ಮುಂದಿನ ದುರಸ್ತಿಯ ಹೊತ್ತಿಗೆ ಆ ಫೋನ್ ಯಾರ ಹತ್ತಿರವೂ ಇರುವುದಿಲ್ಲ.