ಕೇಸ್ ಫೇಸ್‌ಬುಕ್ ಮೇಲೆ ಹಾಕುವ ಅನ್ನುವವರಿಗೆ

"ಬರ್ದವ ಯಾರೂಂತ ಗೊತ್ತಿಲ್ಲ ಸಾರ್, ಫೇಕ್ ಐಡಿ, ಫೇಸ್‌ಬುಕ್‌ನವ್ರ ಮೇಲೇ ಕೇಸ್ ಹಾಕುವ" ಅಂತ ಮಂಗಳೂರಿನ ನಮ್ಮ ವಕೀಲಿ ಆಫೀಸಿಗೆ ಬರುವವರು ಈಗ ಜಾಸ್ತಿ. ಹೊಟೇಲಿನವ್ರು, ಕ್ಲಿನಿಕ್‌ನವ್ರು, ಮಗಳ ಫೋಟೋ ಎಲ್ಲೋ ನೋಡಿ ಕಂಗಾಲಾದ ಅಪ್ಪ ಅಮ್ಮ. ಸಿಟ್ಟು ನ್ಯಾಯದ್ದೇ, ಆದ್ರೆ ಕೇಸ್ ನಿಲ್ಲುದು ಸಿಟ್ಟಿನ ಮೇಲಲ್ಲ.

2004ರಲ್ಲಿ ಬಾಝೀ ಅನ್ನುವ ಸೈಟಲ್ಲಿ ಯಾರೋ ಒಬ್ಬ ಅಶ್ಲೀಲ ಕ್ಲಿಪ್ ಮಾರಾಟಕ್ಕೆ ಹಾಕಿದ್ದಕ್ಕೆ ಕಂಪೆನಿಯ ಮುಖ್ಯಸ್ಥರನ್ನೇ ಅರೆಸ್ಟ್ ಮಾಡಿದ್ರು. ಆಮೇಲೆ 2008ರ ತಿದ್ದುಪಡಿಯಲ್ಲಿ ಐಟಿ ಕಾಯ್ದೆಯ ಸೆಕ್ಷನ್ 79 ಈಗಿನ ರೂಪಕ್ಕೆ ಬಂತು: ಬೇರೆಯವ್ರು ಹಾಕಿದ್ದಕ್ಕೆ ಕಂಪೆನಿ ಹೊಣೆ ಅಲ್ಲ, ಆದ್ರೆ ಗೊತ್ತಾದ ಮೇಲೂ ತೆಗೀದಿದ್ರೆ ಆ ರಕ್ಷಣೆ ಹೋಯ್ತು. ಈ "ಗೊತ್ತಾಗುದು" ಅಂದ್ರೆ ಎಂತ? ಶ್ರೇಯಾ ಸಿಂಘಾಲ್ ಕೇಸನ್ನ ಎಲ್ರೂ ಆನ್‌ಲೈನ್ ಬರಹಕ್ಕೆ ಅರೆಸ್ಟ್ ಮಾಡ್ತಿದ್ದ ಐಟಿ ಕಾಯ್ದೆಯ ಸೆಕ್ಷನ್ 66ಎ ರದ್ದಾದದ್ದಕ್ಕೆ ನೆನಪಿಟ್ಕೊಂಡಿದ್ದಾರೆ, ಆದ್ರೆ ಅದೇ 2015ರ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಹೇಳಿತು, ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದ್ರೆ ಮಾತ್ರ ಗೊತ್ತಾದ ಲೆಕ್ಕ, ನೀವು ಕಳಿಸಿದ ಬರೀ ಒಂದು ಮೇಲ್ ಸಾಕಾಗುದಿಲ್ಲ ಅಂತ. ನನಗೆ ಇದು ಸರಿ ಅಂತಲೇ ಕಾಣ್ತದೆ, ಯಾಕಂದ್ರೆ ದೂರು ಬಂದದ್ದನ್ನೆಲ್ಲ ತೆಗೀಲಿಕ್ಕೆ ಹೊರಟ್ರೆ ಹಾಳು ರಸ್ತೆಯ ಕಾಂಟ್ರಾಕ್ಟರ್ ಬಗ್ಗೆ ಸತ್ಯ ಬರ್ದವನ ಪೋಸ್ಟೂ ಮರುದಿನ ಇರುದಿಲ್ಲ.

ನಗ್ನ ಅಥವಾ ಖಾಸಗಿ ಫೋಟೋದ ವಿಷಯ ಮಾತ್ರ ಬೇರೆ. ಅಲ್ಲಿ ಕೋರ್ಟಿಗೆ ಕಾಯ್ಬೇಡಿ. ಸಂತ್ರಸ್ತರೋ ಅವರ ಪರವಾಗಿ ಮನೆಯವ್ರೋ ದೂರು ಕೊಟ್ರೆ ಸಾಕು, 2021ರಲ್ಲಿ ಐಟಿ ನಿಯಮ ಬಂದಾಗಲೇ ಅದನ್ನ ತೆಗೀಲಿಕ್ಕೆ ಕಂಪೆನಿಗೆ 24 ಗಂಟೆಯ ಗಡುವು ಇಟ್ಟಿದ್ರು.

ಇನ್ನು ಹೆಚ್ಚಿನವ್ರು ಸೋಲುದು ಎಲ್ಲಿ ಅಂದ್ರೆ ಸಾಕ್ಷಿಯಲ್ಲಿ. ಜೆರಾಕ್ಸ್ ಅಂಗಡಿಯಲ್ಲಿ ತೆಗ್ಸಿದ ಕಲರ್ ಪ್ರಿಂಟ್ ತರ್ತಾರೆ, ವಾಟ್ಸಾಪಲ್ಲಿ ಯಾರೋ ಕಳಿಸಿದ ಸ್ಕ್ರೀನ್‌ಶಾಟ್, ಮೇಲಿನ ತಾರೀಕು ಕ್ರಾಪ್ ಆಗಿದೆ, ಐಡಿ ಅರ್ಧ ಕಾಣ್ತದೆ, ಲಿಂಕ್ ಇಲ್ವೇ ಇಲ್ಲ. ಲಿಂಕ್ ಇಲ್ಲದೆ ಇಂಜಂಕ್ಷನ್ (ಕೋರ್ಟಿನ ತಡೆಯಾಜ್ಞೆ) ಸಿಕ್ಕಿದ್ರೂ ಕಂಪೆನಿಯವ್ರು "ಯಾವ ಪೋಸ್ಟ್ ತೋರ್ಸಿ" ಅಂತ ಕೇಳ್ತಾರೆ, ಅಲ್ಲಿಗೆ ಮುಗೀತು. ಪೋಸ್ಟಿನ ಲಿಂಕ್, ಹಾಕಿದವನ ಪ್ರೊಫೈಲ್ ಲಿಂಕ್, ತಾರೀಕು ಸಮಯ ಎಲ್ಲ ನಿಮ್ಮದೇ ಫೋನಲ್ಲಿ ತೆಗೆದಿಡಿ, ಆ ಫೋನನ್ನ ಎಕ್ಸ್‌ಚೇಂಜಿಗೆ ಕೊಡ್ಬೇಡಿ, ಕೋರ್ಟಿಗೆ ಹಾಕುವಾಗ ಆ ದಾಖಲೆ ಯಾವ ಫೋನಿಂದ, ಹೇಗೆ ತೆಗೆದದ್ದು ಅಂತ ಬರ್ದುಕೊಡುವ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಬೇಕಾಗ್ತದೆ. ತಡ ಮಾಡ್ಲೂ ಬೇಡಿ, ತೆಗೆದು ಹಾಕಿದ ಪೋಸ್ಟಿನ ದಾಖಲೆಯನ್ನ ಕಂಪೆನಿ ಇಟ್ಕೊಳ್ಬೇಕಾದ್ದು ಸಾಮಾನ್ಯವಾಗಿ 180 ದಿನ.

ವಾಟ್ಸಾಪ್ ಗ್ರೂಪ್ ಅಡ್ಮಿನ್‌ಗಳೂ ಕೇಳ್ತಾರೆ, ನಮ್ಮೂರಲ್ಲಿ ಏನಾದ್ರೂ ಗಲಾಟೆ ಆದ ರಾತ್ರಿಯಂತೂ ಫೋನ್ ಮೇಲೆ ಫೋನ್. ಬರೀ ಅಡ್ಮಿನ್ ಅನ್ನುವ ಕಾರಣಕ್ಕೆ ಮೆಂಬರ್ ಹಾಕಿದ್ದಕ್ಕೆ ಹೊಣೆ ಆಗುದಿಲ್ಲ, ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೀಗೇ ಹೇಳಿವೆ. ಆದ್ರೆ ಅದನ್ನೇ ನೀವು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಮಾಡಿದ್ರೆ ಅದು ನಿಮ್ಮದೇ ಮಾತಾಯ್ತು. ಅಂಥ ಮೆಸೇಜ್ ಬಂದ್ರೆ ಹಾಕಿದವನ ನಂಬರ್, ಸಮಯ ಕಾಣುವ ಹಾಗೆ ಒಂದು ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ಎಲ್ಲರಿಗೂ ಡಿಲೀಟ್ ಮಾಡಿ, ಅವನನ್ನ ಗ್ರೂಪಿಂದ ಹೊರಗೆ ಹಾಕಿ, ಪೊಲೀಸ್ರು ಕೇಳಿದ್ರೆ ಆ ಸ್ಕ್ರೀನ್‌ಶಾಟ್ ಕೊಡಿ.