ಬಯಲಾಟಕ್ಕೆ ಕೂರುವವನು ಮಗ್ಗಿಗೆ ಯಾಕೆ ಕೂರುವುದಿಲ್ಲ?

ಪ್ರಶ್ನೆ: ಮಗನಿಗೆ ಎಂಟು ವರ್ಷ, ಮೂರನೇ ಕ್ಲಾಸು. ಎಡಿಎಚ್‌ಡಿ (ಗಮನ ನಿಲ್ಲಿಸಲು, ಸುಮ್ಮನೆ ಕೂರಲು ಕಷ್ಟವಾಗುವ ಸಮಸ್ಯೆ) ಇರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಟೀಚರ್ ಹೇಳಿದ್ದಾರೆ. ಆದರೆ ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ. ಬಯಲಾಟಕ್ಕೆ ಹೋದರೆ ಎದುರು ಸಾಲಿನಲ್ಲಿ ಕೂತು ಮಹಿಷಾಸುರ ಬರುವ ತನಕ ಕಣ್ಣು ಮುಚ್ಚುವುದಿಲ್ಲ. ಹೋಂವರ್ಕ್‌ಗೆ ಮಾತ್ರ ಐದು ನಿಮಿಷ ಕೂರುವುದಿಲ್ಲ. ಇದು ಸುಮ್ನೆ ಉದಾಸೀನ ಅಲ್ವಾ? (ಕಾಪುವಿನಿಂದ ಒಬ್ಬರು ತಾಯಿ)

ಉತ್ತರ: ಅಮ್ಮಾ, ಈ ಪ್ರಶ್ನೆ ನನಗೆ ಬಾಯಿಪಾಠ ಆಗಿದೆ. ಸುರತ್ಕಲ್‌ನಿಂದ ಬಂದಿದೆ, ಬ್ರಹ್ಮಾವರದಿಂದ ಬಂದಿದೆ. ಹೋದ ತಿಂಗಳು ಒಂದು ಮದುವೆಯ ಊಟದಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ, ಪಕ್ಕದಲ್ಲಿ ಕೂತವರೂ ಇದನ್ನೇ ಕೇಳಿದರು. ಒಬ್ಬರ ಮನೆಯಲ್ಲಿ ಮೊಬೈಲ್, ಇನ್ನೊಬ್ಬರಲ್ಲಿ ಕ್ರಿಕೆಟ್, ಮತ್ತೊಬ್ಬರಲ್ಲಿ ಕಾರ್ಟೂನ್. ಬಾಕಿ ಎಲ್ಲ ಅದೇ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕೈಗೆ ಕೊಡುವುದು.

ನಾನು ಡಾಕ್ಟರ್ ಅಲ್ಲ. ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಚಾಕ್ ಹಿಡಿದವಳು. ನಿಮ್ಮ ಮಗನಿಗೆ ಎಡಿಎಚ್‌ಡಿ ಇದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ಅದು ಇಲ್ಲ ಎನ್ನಲು ನೀವು ಕೊಟ್ಟ ಕಾರಣ ಉಂಟಲ್ಲ, ಅದು ನಿಲ್ಲುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಅರ್ಧ ತಪ್ಪು ಆ ಹೆಸರಿನದ್ದೇ. ಕನ್ನಡದಲ್ಲಿ ‘ಗಮನದ ಕೊರತೆ’ ಎಂದು ಬರೆಯುತ್ತಾರೆ. ಕೊರತೆ ಅಂದ ಕೂಡಲೇ ನಮಗೆ ಡಬ್ಬಿಯಲ್ಲಿ ಅಕ್ಕಿ ಮುಗಿದ ಚಿತ್ರ ಬರುತ್ತದೆ. ಮುಗಿದಿದ್ದರೆ ಬಯಲಾಟಕ್ಕೆ ಎಲ್ಲಿಂದ ಬಂತು ಎಂದು ಕೇಳುತ್ತೇವೆ. ಕೇಳುವುದು ಸರಿಯೇ. ಈ ಮಕ್ಕಳಲ್ಲಿ ಗಮನ ಬೇಕಾದಷ್ಟು ಇರುತ್ತದೆ. ಅದನ್ನು ಬೇಕಾದ ಕಡೆ ತಿರುಗಿಸುವುದು, ಅಲ್ಲೇ ಹಿಡಿದು ನಿಲ್ಲಿಸುವುದು, ಹೊತ್ತಾದಾಗ ಬಿಡಿಸಿಕೊಳ್ಳುವುದು, ಈ ಮೂರು ಅವರಿಗೆ ಕಷ್ಟ.

ನಮ್ಮ ಕಡೆಯ ಬಾವಿ ನೋಡಿ. ಜೋರು ಮಳೆಯ ಆಟಿ ತಿಂಗಳಲ್ಲಿ ನೀರು ಕಟ್ಟೆಯ ಹತ್ತಿರ ಬಂದಿರುತ್ತದೆ. ಬಗ್ಗಿ ಚೊಂಬಿನಲ್ಲೇ ಮೊಗೆಯಬಹುದು. ರಾಟೆ ತುಕ್ಕು ಹಿಡಿದಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಏಪ್ರಿಲ್‌ನಲ್ಲಿ ನೀರು ತಳಕ್ಕೆ ಇಳಿದಾಗ ರಾಟೆ ಕಿರುಗುಟ್ಟುತ್ತದೆ, ಹಗ್ಗ ಜಾರುತ್ತದೆ. ಬಯಲಾಟ ನಿಮ್ಮ ಮಗನಿಗೆ ಆಟಿಯ ಬಾವಿ. ಚೆಂಡೆ ಪೆಟ್ಟು ಬೀಳುತ್ತದೆ, ಹೊಸ ವೇಷ ಬರುತ್ತದೆ, ಮಹಿಷಾಸುರ ದೊಂದಿ ಹಿಡಿದು ಜನರ ಮಧ್ಯದಿಂದಲೇ ಅಬ್ಬರಿಸುತ್ತಾ ಬರುತ್ತಾನೆ. ಗಮನ ತಾನಾಗಿಯೇ ಮೇಲೆ ಬಂದಿರುತ್ತದೆ, ಎಳೆಯುವ ಕೆಲಸವೇ ಇಲ್ಲ. ಏಳರ ಮಗ್ಗಿ ಏಪ್ರಿಲ್ ಬಾವಿ. ಮಳೆಗಾಲದಲ್ಲಿ ನೀರು ತಂದವನು ಈಗ ಯಾಕೆ ತರುವುದಿಲ್ಲ, ಕೊಬ್ಬು ಎಂದು ಬೈದರೆ ರಾಟೆಯನ್ನು ನೋಡುವವರು ಯಾರು?

ಈ ರಾಟೆ ಇರುವುದು ಮೆದುಳಿನಲ್ಲಿ, ಮುಖ್ಯವಾಗಿ ಹಣೆಯ ಹಿಂದಿನ ಭಾಗದಲ್ಲಿ. ಕೆಲಸ ಶುರು ಮಾಡು, ತಡೆದುಕೋ, ಆಮೇಲೆ ಸಿಗುವುದಕ್ಕೆ ಈಗ ಕಾಯಿ ಎನ್ನುವ ಭಾಗ ಅದು. 2007ರಲ್ಲಿ ಅಮೆರಿಕದಲ್ಲಿ ನೂರಾರು ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿನ ಹೊರಪದರ ಬಲಿಯುವುದು ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸರಾಸರಿ 3 ವರ್ಷದಷ್ಟು ತಡ ಎಂದು ಕಂಡಿತು. ಹಾಗೆಂದು ಸ್ಕ್ಯಾನ್ ಮಾಡಿಸಲು ಓಡಬೇಡಿ. ಅದು ಗುಂಪಿನ ಲೆಕ್ಕ. ಒಂದು ಮಗುವಿಗೆ ಎಡಿಎಚ್‌ಡಿ ಉಂಟೋ ಇಲ್ಲವೋ ಎಂದು ಹೇಳುವ ಸ್ಕ್ಯಾನೂ ಇಲ್ಲ, ರಕ್ತ ಪರೀಕ್ಷೆಯೂ ಇಲ್ಲ.

ಇನ್ನೊಂದು, ಪ್ರತಿಫಲ ಸಿಗುವ ಹೊತ್ತು. ಮೊಬೈಲ್ ಆಟ ನಾಲ್ಕು ಸೆಕೆಂಡಿಗೊಮ್ಮೆ ಏನಾದರೂ ಕೊಡುತ್ತದೆ, ಒಂದು ನಾಣ್ಯ, ಒಂದು ಸದ್ದು. ಮಗ್ಗಿ ಏನಾದರೂ ಕೊಡುವುದು ಅರ್ಧವಾರ್ಷಿಕ ಪರೀಕ್ಷೆಯಲ್ಲಿ. ದೂರದ ಪ್ರತಿಫಲಕ್ಕೆ ಕಾಯುವುದು ಎಲ್ಲ ಮಕ್ಕಳಿಗೂ ಕಷ್ಟವೇ. ಈ ಮಕ್ಕಳಿಗೆ ತುಂಬಾ ಜಾಸ್ತಿ ಕಷ್ಟ. ಡೋಪಮಿನ್ ಎಂಬ ರಾಸಾಯನಿಕದ ಕೆಲಸ ಇವರಲ್ಲಿ ಸ್ವಲ್ಪ ಬೇರೆ ಥರ ನಡೆಯುತ್ತದೆ.

ಈಗ ನಿಮ್ಮದೇ ಸಾಕ್ಷಿಯನ್ನು ತಿರುಗಿಸಿ ನೋಡುವ. ಎರಡು ಗಂಟೆ ಮೊಬೈಲ್ ನೋಡುವವನನ್ನು ಊಟಕ್ಕೆ ಕರೆಯಿರಿ. ಎಷ್ಟು ಸಲ ಕರೆಯಬೇಕು? ಕಿತ್ತುಕೊಂಡರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಾನೋ? ಮಗ್ಗಿಗೆ ಕೂರಲಾಗದ್ದು, ಮೊಬೈಲ್‌ನಿಂದ ಏಳಲಾಗದ್ದು, ಎರಡೂ ಒಂದೇ ರಾಟೆಯ ಕಥೆ ಇರಬಹುದು. ಕಾಯಿಲೆ ಇಲ್ಲ ಎನ್ನಲು ನೀವು ತಂದ ಸಾಕ್ಷಿ ಆಚೆ ಕಡೆಯ ವಕೀಲನಿಗೂ ಆಗುತ್ತದೆ! (ಮೊಬೈಲ್‌ನಿಂದಲೇ ಇದು ಬಂತು ಎನ್ನುವವರಿಗೆ: ಲಂಡನ್ನಿನ ಮಕ್ಕಳ ಡಾಕ್ಟರ್ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟದ್ದು 1902ರಲ್ಲಿ.)

“ನಿನ್ನೆ ಮಾಡಿದ್ದಾನೆ, ಇವತ್ತು ಯಾಕೆ ಇಲ್ಲ?” ಇದೂ ಅದೇ ತಪ್ಪಿನ ತಮ್ಮ. ಒಂದು ದಿನ ಚಂದ ಬರೆದದ್ದೇ ಮಗುವಿಗೆ ಮುಳುವಾಗುತ್ತದೆ. ಮತ್ತೆ ಇಡೀ ವರ್ಷ ಆ ಒಂದು ಪುಟ ತೋರಿಸಿ ಬೈಯುತ್ತೇವೆ. ನಾನೂ ಮಾಡಿದ್ದೇನೆ. ‘ಬುದ್ಧಿ ಇದೆ, ಉದಾಸೀನ ಜಾಸ್ತಿ’ ಎಂದು ಎಷ್ಟು ಮಕ್ಕಳ ಪ್ರೋಗ್ರೆಸ್ ಕಾರ್ಡಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೇನೋ. ಅವರಲ್ಲಿ ಒಬ್ಬ ಈಗ ಮಲ್ಪೆಯಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಾನೆ. ಗಂಟೆಗಟ್ಟಲೆ ತಲೆ ಎತ್ತುವುದಿಲ್ಲ. ನನ್ನನ್ನು ಕಂಡರೆ ಈಗಲೂ ನಗುತ್ತಾ, “ಟೀಚರ್, ಉದಾಸೀನ ಸ್ವಲ್ಪ ಕಮ್ಮಿ ಆಗಿದೆ” ಎನ್ನುತ್ತಾನೆ. ನನಗೆ ನಗು ಬರುವುದಿಲ್ಲ.

ಇನ್ನು ಡಾಕ್ಟರ ಹತ್ತಿರ ಹೋದಾಗ ಆಗುವ ತಮಾಷೆ. ಮನೆಯಲ್ಲಿ ಲೂಟಿ (ತುಂಟಾಟ) ಮಾಡಿ ಹೈರಾಣು ಮಾಡಿದವನು ಅಲ್ಲಿ ಕೈ ಕಟ್ಟಿ ಕೂರುತ್ತಾನೆ. ಅಮ್ಮನಿಗೆ ನಾಚಿಕೆ, ಅಪ್ಪನಿಗೆ ‘ನಾನು ಹೇಳಲಿಲ್ವಾ’ ಎಂಬ ಖುಷಿ. ಹೊಸ ಜಾಗ, ಹೊಸ ಮನುಷ್ಯರು, ಎಲ್ಲರ ಕಣ್ಣು ಇವನ ಮೇಲೆ. ಅದೂ ಆಟಿಯ ಬಾವಿಯೇ. ಅದಕ್ಕೇ ತಿಳಿದ ಡಾಕ್ಟರು ಹದಿನೈದು ನಿಮಿಷ ನೋಡಿ ತೀರ್ಪು ಕೊಡುವುದಿಲ್ಲ. ಮನೆಯವರನ್ನೂ ಟೀಚರನ್ನೂ ಬೇರೆ ಬೇರೆಯಾಗಿ ಕೇಳುತ್ತಾರೆ. ಲಕ್ಷಣಗಳು 12 ವರ್ಷದ ಒಳಗೇ ಶುರುವಾಗಿರಬೇಕು, ಕಡಿಮೆಯೆಂದರೆ 6 ತಿಂಗಳು ಇರಬೇಕು, ಎರಡಾದರೂ ಕಡೆ ಕಾಣಬೇಕು. ಮನೆಯಲ್ಲಿ ಏನೂ ಇಲ್ಲದೆ ಶಾಲೆಯಲ್ಲಿ ಮಾತ್ರ ಇದ್ದರೆ ಬೇರೆ ಕಾರಣ ಹುಡುಕಬೇಕು. ಬೋರ್ಡ್ ಕಾಣುತ್ತದೋ, ಕಿವಿ ಸರಿ ಕೇಳುತ್ತದೋ, ಅಕ್ಷರ ಜೋಡಿಸಿ ಓದಲು ಬರುತ್ತದೋ. ಮನೆಯಲ್ಲಿ ತುಳು, ಅಂಗಳದಲ್ಲಿ ಕನ್ನಡ, ಕ್ಲಾಸಿನಲ್ಲಿ ಒಮ್ಮೆಲೇ ಇಂಗ್ಲಿಷ್ ಆದರೆ ಅರ್ಥವಾಗದ ಮಗು ಕಿಟಕಿ ನೋಡದೆ ಇನ್ನೇನು ಮಾಡುತ್ತದೆ?

ಲೂಟಿ ಮಾಡದ ಎಡಿಎಚ್‌ಡಿಯೂ ಉಂಟು. ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು, ಪೆನ್ಸಿಲ್ ಕಳೆದುಕೊಂಡು, ಕರೆದರೆ ಬೆಚ್ಚಿ ಬೀಳುವ ಹುಡುಗಿ. ಅವಳ ಬಗ್ಗೆ ಯಾರೂ ನನಗೆ ಪತ್ರ ಬರೆಯುವುದಿಲ್ಲ. ಅವಳಿಂದ ಯಾರಿಗೂ ಉಪದ್ರ ಇಲ್ಲ ನೋಡಿ. ಜಗತ್ತಿನಲ್ಲಿ ನೂರು ಮಕ್ಕಳಿಗೆ ಸುಮಾರು 5 ಮಕ್ಕಳಿಗೆ ಇದು ಇದೆ ಎಂಬ ಲೆಕ್ಕ. 40 ಮಕ್ಕಳ ಕ್ಲಾಸಿನಲ್ಲಿ ಇಬ್ಬರು.

“ನಾನೂ ಹಾಗೇ ಇದ್ದೆ, ಸರಿ ಹೋಗಲಿಲ್ವಾ?” ಎನ್ನುವ ಅಪ್ಪಂದಿರು ಸಾಧಾರಣ ಸ್ಕೂಟರಿನ ಕೀ ಹುಡುಕುತ್ತಲೇ ಈ ಮಾತು ಹೇಳುತ್ತಾರೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಎಡಿಎಚ್‌ಡಿಯಲ್ಲಿ ವಂಶದ ಪಾಲು ನೂರಕ್ಕೆ 70ರಿಂದ 80. ಅಪ್ಪನ ಮಾತು ಡಾಕ್ಟರಿಗೆ ಒಳ್ಳೆಯ ಸುಳಿವು.

ಏನು ಮಾಡುವುದು? ಪೆಟ್ಟು ಬೇಡ. ಹುಣಸೆ ಅಡರಿನಿಂದ ರಾಟೆ ಸರಿಯಾಗುವುದಿಲ್ಲ. ಹೋಂವರ್ಕನ್ನು ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿ, ಮಧ್ಯೆ ಅಂಗಳಕ್ಕೆ ಒಂದು ಸುತ್ತು ಬಿಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಮಾಡಿದ ಕೂಡಲೇ ಶಾಬ್ಬಾಸ್ ಅನ್ನಿ, ರಾತ್ರಿ ಅಲ್ಲ, ಆಗಲೇ. ಮಾತ್ರೆಯ ಬಗ್ಗೆ ಹೆದರಿಕೆ ಎಲ್ಲರಿಗೂ ಇದೆ. ಆರು ವರ್ಷದ ಒಳಗಿನವರಿಗೆ ಮೊದಲು ಕೊಡುವುದು ತಂದೆತಾಯಿಗೆ ತರಬೇತಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಬೇಕಾದರೆ ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆ ಉಂಟು, ಡಾಕ್ಟರರ ಚೀಟಿ ಮತ್ತು ನಿಗಾ ಇಲ್ಲದೆ ಮುಟ್ಟುವಂಥದ್ದಲ್ಲ. ದೊಡ್ಡ ಆಸ್ಪತ್ರೆಗೆ ಹೋಗುವ ಮೊದಲು ಮಾತನಾಡಬೇಕು ಅನಿಸಿದರೆ ಸರ್ಕಾರದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಪ್ರಶ್ನೆ ನೀವು ಕೇಳಲಿಲ್ಲ, ನಾನೇ ಕೇಳುತ್ತೇನೆ. ಮಗ ಹುಟ್ಟಿದ್ದು ಯಾವ ತಿಂಗಳು? ನಮ್ಮಲ್ಲಿ ಒಂದನೇ ಕ್ಲಾಸಿಗೆ ವಯಸ್ಸು ಲೆಕ್ಕ ಹಾಕುವುದು ಜೂನ್ 1ಕ್ಕೆ. ಮೇ ಕೊನೆಯಲ್ಲಿ ಹುಟ್ಟಿದವನೂ ಹಿಂದಿನ ಜೂನ್‌ನಲ್ಲಿ ಹುಟ್ಟಿದವನೂ ಒಂದೇ ಬೆಂಚಿನಲ್ಲಿ. ಆರು ವರ್ಷಕ್ಕೆ ಹನ್ನೊಂದು ತಿಂಗಳು ಅಂದರೆ ಸಣ್ಣದಲ್ಲ. ಅಮೆರಿಕದಲ್ಲಿ ಸೆಪ್ಟೆಂಬರ್ 1ರ ಲೆಕ್ಕ ಇರುವ ರಾಜ್ಯಗಳಲ್ಲಿ 2018ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಆಗಸ್ಟ್‌ನಲ್ಲಿ ಹುಟ್ಟಿದ 10,000 ಮಕ್ಕಳಲ್ಲಿ 85 ಮಂದಿಗೆ ಎಡಿಎಚ್‌ಡಿ ಎಂದು ಬರೆದಿದ್ದರು, ಸೆಪ್ಟೆಂಬರ್‌ನವರಲ್ಲಿ 64 ಮಂದಿಗೆ. ಆಗಸ್ಟ್‌ನಲ್ಲಿ ಹುಟ್ಟಿದರೆ ಮೆದುಳು ಕೆಡುತ್ತದೆಯೇ? ಕ್ಲಾಸಿನ ಸಣ್ಣ ಮಗು ಸಣ್ಣ ಮಗುವಿನ ಹಾಗೆ ಇದ್ದದ್ದೇ ಕೆಲವರಿಗೆ ಕಾಯಿಲೆಯಾಗಿ ಕಂಡಿತು. ನನ್ನ ಕ್ಲಾಸಿನಲ್ಲೂ ‘ಪೋಕರಿ’ ಎಂದು ಹೆಸರು ಬಿದ್ದವರಲ್ಲಿ ಏಪ್ರಿಲ್, ಮೇ ತಿಂಗಳವರು ಎಷ್ಟಿದ್ದರು ಎಂದು ಹಳೆಯ ಹಾಜರಿ ಪುಸ್ತಕ ಸಿಕ್ಕಿದರೆ ಎಣಿಸಬೇಕು ಎಂದಿದ್ದೇನೆ.

ಹಾಗಾಗಿ ಡಾಕ್ಟರ ಹತ್ತಿರ ಹೋಗುವಾಗ ಹುಟ್ಟಿದ ತಾರೀಕು, ಟೀಚರ್ ಬರೆದುಕೊಟ್ಟ ಚೀಟಿ, ಎರಡು ನೋಟ್‌ಬುಕ್ (ಒಂದು ಒಳ್ಳೆಯ ದಿನದ್ದು, ಒಂದು ಕೆಟ್ಟ ದಿನದ್ದು) ಚೀಲಕ್ಕೆ ಹಾಕಿಕೊಳ್ಳಿ. ಬಯಲಾಟದ ವಿಷಯವನ್ನೂ ಹೇಳಿ. ಅವನ ಎದುರೇ ಹೇಳಿ, ಯಾವ ವೇಷ ಇಷ್ಟ ಎಂದು ಅವನೇ ಮಾತು ಮುಂದುವರಿಸಿದರೂ ಆಶ್ಚರ್ಯವಿಲ್ಲ.